ಕರ್ತವ್ಯದ ವೇಳೆ ಅಮಲು: ನಗರಸಭೆ, ಪಂಚಾಯಿತಿ ನೌಕರರ ಮೇಲಿನ ಶಿಸ್ತು ಕ್ರಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ನೌಕರರೊಬ್ಬರು ಕುಡಿದು ಕೆಲಸಕ್ಕೆ ಬಂದಿದ್ದಾರೆ ಎಂಬ ದೂರು ಬಂದಾಗ ಕಚೇರಿಗಳು ಸಾಮಾನ್ಯವಾಗಿ ಎರಡು ಹಾದಿ ಹಿಡಿಯುತ್ತವೆ. ‘ಹೋಗಲಿ ಬಿಡಿ, ಮನೆಗೆ ಕಳಿಸಿ’ ಎಂದು ವಿಷಯವನ್ನು ಮುಚ್ಚಿಹಾಕಲಾಗುತ್ತದೆ, ಇಲ್ಲವೇ ಅಂದೇ ಸಂಜೆ ಕೆಲಸದಿಂದ ತೆಗೆದ ಆದೇಶ ಹೊರಬೀಳುತ್ತದೆ. ಮೊದಲನೆಯದರಿಂದ ಊರಿನ ಜನರಿಗೂ ಆ ನೌಕರರಿಗೂ ಅಪಾಯ. ಎರಡನೆಯದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮುಖ್ಯಾಧಿಕಾರಿಗಳು, ಸಿಬ್ಬಂದಿ ಶಾಖೆಯವರು, ಪೌರಕಾರ್ಮಿಕ ಸಂಘಗಳ ಮುಖಂಡರು ಮತ್ತು ನೋಟಿಸು ಪಡೆದ ನೌಕರರ ಮನೆಯವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ.

ಕುಡಿಯುವುದು ನೌಕರರ ಖಾಸಗಿ ವಿಷಯವಲ್ಲವೇ? ಅದರಲ್ಲಿ ಕಚೇರಿ ತಲೆಹಾಕಬಹುದೇ?

ರಜೆಯ ದಿನ ಮನೆಯಲ್ಲಿ ಮಿತವಾಗಿ ಮದ್ಯ ಸೇವಿಸಿದ್ದಕ್ಕೆ ಯಾರ ಮೇಲೂ ಶಿಸ್ತು ಕ್ರಮ ಜರುಗಿಸಲಾಗದು. ನಿಯಮಗಳು ನೋಡುವುದು ಕರ್ತವ್ಯವನ್ನು ಮತ್ತು ಸಾರ್ವಜನಿಕ ನಡತೆಯನ್ನು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 22ನೇ ನಿಯಮವು ಕರ್ತವ್ಯದ ವೇಳೆ ಅಮಲಿನಲ್ಲಿರುವುದು, ಸಾರ್ವಜನಿಕ ಸ್ಥಳದಲ್ಲಿ ಮತ್ತೇರಿದ ಸ್ಥಿತಿಯಲ್ಲಿ ಕಾಣಿಸಿಕೊಳ್ಳುವುದು ಮತ್ತು ಮಿತಿಮೀರಿ ಸೇವಿಸುವುದನ್ನು ನಿಷೇಧಿಸುತ್ತದೆ. ಕರ್ನಾಟಕದಲ್ಲಿ 1966ರ ನಡತೆ ನಿಯಮಗಳು ಮತ್ತು ಅವುಗಳ ಸ್ಥಾನಕ್ಕೆ ಬಂದ 2021ರ ನಿಯಮಗಳು ಇದೇ ಧಾಟಿಯವು. ಗಾಂಜಾ, ಅಫೀಮು ಮುಂತಾದವುಗಳ ವಿಷಯ ಬೇರೆ. ಅವುಗಳ ಸೇವನೆಯೇ 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಅಪರಾಧವಾದ್ದರಿಂದ ಅಲ್ಲಿ ಮನೆ, ಕಚೇರಿ ಎಂಬ ಭೇದವಿಲ್ಲ.

ಕ್ರಮ ಕೈಗೊಳ್ಳುವ ಅಧಿಕಾರ ಯಾರಿಗಿದೆ? ಸದಸ್ಯರು ಸಭೆಯಲ್ಲಿ ನಿರ್ಣಯ ಮಾಡಿದರೆ ಸಾಕೇ?

ಸಾಲದು. ನೌಕರರನ್ನು ನೇಮಿಸಿದವರು ಯಾರು ಎಂಬುದನ್ನು ಮೊದಲು ಕಡತದಲ್ಲಿ ನೋಡಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ರಾಜ್ಯ ಸರ್ಕಾರದ ನೌಕರರು. ಗ್ರಾಮ ಪಂಚಾಯಿತಿಯ ಸಭೆ ಅವರ ವಿರುದ್ಧ ದೂರು ನೀಡಬಹುದೇ ಹೊರತು ಅವರನ್ನು ಅಮಾನತು ಮಾಡಲಾಗದು. ಬಿಲ್ ಕಲೆಕ್ಟರ್, ನೀರಗಂಟಿ, ಜವಾನ ಮುಂತಾದವರನ್ನು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಅನುಮೋದನೆ ಪಡೆದು ಪಂಚಾಯಿತಿಯೇ ನೇಮಿಸಿಕೊಳ್ಳುತ್ತದೆ. ಅವರನ್ನು ತೆಗೆಯುವಾಗಲೂ ಅಧ್ಯಕ್ಷರ ಬಾಯಿಮಾತು ಸಾಕಾಗುವುದಿಲ್ಲ. ನಗರ ಸ್ಥಳೀಯ ಸಂಸ್ಥೆಗಳಲ್ಲಿ 1964ರ ಪುರಸಭೆಗಳ ಕಾಯ್ದೆ ಮತ್ತು 1976ರ ಮಹಾನಗರಪಾಲಿಕೆಗಳ ಕಾಯ್ದೆಯಡಿ ಹುದ್ದೆಯ ದರ್ಜೆಗೆ ತಕ್ಕಂತೆ ಅಧಿಕಾರ ಹಂಚಿಕೆಯಾಗಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿರುವುದರಿಂದ, ನೌಕರರು ಇಂದು ಯಾವ ಪಾಲಿಕೆಗೆ ಹಂಚಿಕೆಯಾಗಿದ್ದಾರೆ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಅಧಿಕಾರವಿಲ್ಲದವರು ಸಹಿ ಮಾಡಿದ ಆದೇಶ, ಆರೋಪ ಎಷ್ಟೇ ನಿಜವಿದ್ದರೂ, ಮೊದಲ ಮೇಲ್ಮನವಿಯಲ್ಲೇ ಬಿದ್ದುಹೋಗುತ್ತದೆ.

ಬಾಯಿಂದ ವಾಸನೆ ಬರುತ್ತಿತ್ತು, ತೂರಾಡುತ್ತಿದ್ದರು. ಇಷ್ಟು ಸಾಕ್ಷ್ಯ ಸಾಕಲ್ಲವೇ?

ಕಡತಗಳಲ್ಲಿ ಅತಿ ಹೆಚ್ಚು ಎಡವುವ ಜಾಗ ಇದು. 1971ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಯಿಯ ವಾಸನೆ, ತಡವರಿಸುವ ನಡಿಗೆ, ಹಿಗ್ಗಿದ ಕಣ್ಣಿನ ಪಾಪೆ ಇಷ್ಟರಿಂದಲೇ ಒಬ್ಬನು ಮದ್ಯ ಸೇವಿಸಿದ್ದನೆಂದು ಖಚಿತವಾಗಿ ಹೇಳಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ನಡೆಯಬೇಕಿತ್ತು ಎಂದು ಹೇಳಿತು. ಇಲಾಖಾ ವಿಚಾರಣೆಯಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಾದ ಪುರಾವೆ ಬೇಕಿಲ್ಲ, ಸಂಭವನೀಯತೆಯ ತೂಕ ಸಾಕು ಎಂಬುದು ನಿಜ. ಆದರೂ ‘ಕುಡಿದಂತೆ ಕಾಣುತ್ತಿದ್ದರು’ ಎಂಬ ಒಂದೇ ಸಾಲಿನ ವರದಿಯ ಮೇಲೆ ಒಂದು ಮನೆಯ ಅನ್ನ ಕಿತ್ತುಕೊಳ್ಳುವುದು ಸರಿಯಲ್ಲ.

ಇದಕ್ಕೆ ವೈದ್ಯಕೀಯ ಕಾರಣವೂ ಇದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಅಂಶ ಇಳಿದಾಗ ಮಾತು ತೊದಲುತ್ತದೆ, ಬೆವರು ಕಿತ್ತುಬರುತ್ತದೆ, ಕೈ ನಡುಗುತ್ತದೆ, ನೋಡುವವರಿಗೆ ಕುಡಿದಂತೆಯೇ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದವರೂ ಹಾಗೆಯೇ ಕಾಣುತ್ತಾರೆ. ಒಳಚರಂಡಿಯ ಕೆಲಸದಲ್ಲಿರುವವರಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲದಿಂದಲೂ ತಲೆಸುತ್ತು, ತೂರಾಟ ಬರಬಹುದು. ಅಂಥವರನ್ನು ‘ಮಲಗಿ ಇಳಿಸಿಕೊಳ್ಳಲಿ’ ಎಂದು ಗೋದಾಮಿನ ಮೂಲೆಯಲ್ಲಿ ಬಿಟ್ಟರೆ ಜೀವವೇ ಹೋಗಬಹುದು.

ಹಾಗಾದರೆ ಆ ಹೊತ್ತಿನಲ್ಲಿ ಮೇಲ್ವಿಚಾರಕರು ಏನು ಮಾಡಬೇಕು?

ಮೊದಲು ಅವರನ್ನು ವಾಹನ, ಯಂತ್ರ, ಕ್ಲೋರಿನ್ ಸಿಲಿಂಡರ್, ವಿದ್ಯುತ್ ಕಂಬ ಇಂಥವುಗಳಿಂದ ದೂರವಿಡಬೇಕು. ನಂತರ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಇನ್ನೊಬ್ಬ ಸಿಬ್ಬಂದಿಯ ಜೊತೆಯಲ್ಲಿ, ಲಿಖಿತ ಕೋರಿಕೆಯೊಂದಿಗೆ ಕಳುಹಿಸಬೇಕು. ಈ ಕೋರಿಕೆಯಲ್ಲಿ ‘ಕುಡಿದಿದ್ದಾನೆ, ದೃಢೀಕರಿಸಿ’ ಎಂದು ಬರೆಯದೆ, ಕಂಡದ್ದನ್ನು ಮಾತ್ರ ಬರೆದು ಪರೀಕ್ಷಿಸಲು ಕೇಳುವುದು ಒಳ್ಳೆಯದು. ವೈದ್ಯರ ಅಭಿಪ್ರಾಯ ಸ್ವತಂತ್ರವಾಗಿ ಬಂದಷ್ಟೂ ಅದರ ಬೆಲೆ ಹೆಚ್ಚು.

ಇಲ್ಲಿ ಸಮಯವೇ ಸಾಕ್ಷ್ಯ. ರಕ್ತದಲ್ಲಿನ ಮದ್ಯಸಾರವು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ ಅಷ್ಟರಂತೆ, ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ 7 ಗಂಟೆಗೆ 60 ಮಿಲಿಗ್ರಾಂ ಇದ್ದವರಲ್ಲಿ 10 ಗಂಟೆಗೆ ಸುಮಾರು 15 ಮಾತ್ರ ಉಳಿದಿರುತ್ತದೆ. ಮುಖ್ಯಾಧಿಕಾರಿ ಸಭೆಯಿಂದ ಬರಲಿ, ಸದಸ್ಯರಿಗೆ ತಿಳಿಸೋಣ ಎಂದು ಮಧ್ಯಾಹ್ನದವರೆಗೆ ಕಾದು ಮಾಡಿಸಿದ ಪರೀಕ್ಷೆಯಿಂದ ತಪ್ಪಿತಸ್ಥರೂ ಪಾರಾಗುತ್ತಾರೆ, ಸುಳ್ಳು ಆರೋಪ ಹೊತ್ತವರೂ ತಮ್ಮ ನಿರಪರಾಧಿತ್ವವನ್ನು ತೋರಿಸುವ ಅವಕಾಶ ಕಳೆದುಕೊಳ್ಳುತ್ತಾರೆ. ಈ ಎರಡನೆಯ ಮಾತನ್ನು ಕಚೇರಿಗಳು ಬಹುತೇಕ ಮರೆಯುತ್ತವೆ.

ಸ್ಥಳದಲ್ಲಿದ್ದ ಇಬ್ಬರ ಸಹಿಯೊಂದಿಗೆ ಮಹಜರು ಬರೆಯಬೇಕು. ಅದರಲ್ಲಿ ಸಮಯ, ಆಡಿದ ಮಾತು, ನಡಿಗೆ, ಮಾಡುತ್ತಿದ್ದ ಕೆಲಸ ಮತ್ತು ಆ ನೌಕರರು ಸ್ವತಃ ಕೊಟ್ಟ ವಿವರಣೆ ಇರಬೇಕು. ಮೊಬೈಲಿನಲ್ಲಿ ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುವುದನ್ನು ದಯವಿಟ್ಟು ತಡೆಯಿರಿ. ಅದರಿಂದ ವಿಚಾರಣೆಗೆ ಯಾವ ಉಪಯೋಗವೂ ಇಲ್ಲ, ಆ ನೌಕರರ ಮಕ್ಕಳು ಮಾತ್ರ ಶಾಲೆಯಲ್ಲಿ ತಲೆತಗ್ಗಿಸಬೇಕಾಗುತ್ತದೆ.

ಪರೀಕ್ಷೆಗೆ ಒಪ್ಪದಿದ್ದರೆ ಬಲವಂತ ಮಾಡಬಹುದೇ?

ಮೇಲಧಿಕಾರಿಗೆ ಕೈಹಿಡಿದು ರಕ್ತ ತೆಗೆಸುವ ಅಧಿಕಾರವಿಲ್ಲ. ಬಂಧಿತ ಆರೋಪಿಯ ವೈದ್ಯಕೀಯ ತಪಾಸಣೆಗೆ ಪೊಲೀಸರು ಕೋರಿಕೆ ಸಲ್ಲಿಸುವ ಅವಕಾಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಕಲಂನಲ್ಲಿದೆ. ಚಾಲಕರ ಉಸಿರಾಟದ ಪರೀಕ್ಷೆ ನಡೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 203ನೇ ಕಲಂನಂತೆ ಸಮವಸ್ತ್ರದಲ್ಲಿರುವ ಪೊಲೀಸರಿಗೆ ಮತ್ತು ಸಾರಿಗೆ ಇಲಾಖೆಯ ಅಧಿಕಾರಿಗಳಿಗಿದೆ. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಎರಡು ಪ್ರಕರಣಗಳು ಇಲ್ಲಿ ನೆನಪಾಗಬೇಕು. 2010ರ ಸೆಲ್ವಿ ಪ್ರಕರಣದಲ್ಲಿ ಮಂಪರು ಪರೀಕ್ಷೆಯಂಥವುಗಳನ್ನು ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು ತೀರ್ಪಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಘೋಷಿಸಿತು. ಆದ್ದರಿಂದ ನೌಕರರು ನಿರಾಕರಿಸಿದರೆ ಆ ನಿರಾಕರಣೆಯನ್ನು, ಅವರು ನೀಡಿದ ಕಾರಣದೊಂದಿಗೆ, ಬರೆದಿಟ್ಟುಕೊಳ್ಳಬೇಕು. ಕಾರಣವಿಲ್ಲದ ನಿರಾಕರಣೆಯನ್ನು ವಿಚಾರಣಾಧಿಕಾರಿ ಉಳಿದ ಸಾಕ್ಷ್ಯದೊಂದಿಗೆ ತೂಗಿ ನೋಡಬಹುದು.

ಎಲ್ಲ ಸಿಬ್ಬಂದಿಗೂ ಹಠಾತ್ ಪರೀಕ್ಷೆ ನಡೆಸುವ ನೀತಿ ತರಬಹುದೇ? ವಿದೇಶದಲ್ಲಿ ಹಾಗಿದೆಯಂತೆ.

ಅಮೆರಿಕದಲ್ಲಿಯೂ ಎಲ್ಲರಿಗೂ ಹಾಗಿಲ್ಲ. ಸರ್ಕಾರವು ನೌಕರರ ಮೂತ್ರ ಪರೀಕ್ಷೆ ನಡೆಸುವುದು ಸಂವಿಧಾನದ ಅರ್ಥದಲ್ಲಿ ‘ಶೋಧ’ವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿ, ರೈಲ್ವೆಯಂಥ ಅಪಾಯದ ಕೆಲಸಗಳಿಗೆ ಮಾತ್ರ ಅದನ್ನು ಒಪ್ಪಿತು. 1991ರ ಕಾನೂನಿನಂತೆ ನಗರಾಡಳಿತಗಳ ಬಸ್ಸು ಮತ್ತು ಭಾರೀ ಕಸದ ಲಾರಿಗಳ ಚಾಲಕರು ಹಠಾತ್ ಪರೀಕ್ಷೆಗೆ ಒಳಪಡುತ್ತಾರೆ. ಗ್ರಂಥಾಲಯದ ಗುಮಾಸ್ತರು ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿಯೂ ವಿಮಾನಯಾನ ಕ್ಷೇತ್ರದಲ್ಲಿ ಇಂಥ ಪರೀಕ್ಷೆಗಳಿವೆ. ಚಾಲಕರು, ಒಳಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರ ನಡೆಸುವವರು, ಬೀದಿದೀಪದ ಲೈನ್‌ಮನ್‌ಗಳು ಇವರಿಗೆ ಸೀಮಿತವಾಗಿ, ಮುಂಚಿತವಾಗಿ ತಿಳಿಸಿದ ಲಿಖಿತ ನಿಯಮದಡಿ ಕೆಲಸಕ್ಕೆ ಮುನ್ನ ಉಸಿರಾಟದ ಪರೀಕ್ಷೆ ಇಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಪೌರಕಾರ್ಮಿಕರಿಗೆ ಮಾತ್ರ ಪರೀಕ್ಷೆ ಇಟ್ಟು, ಅದೇ ಕಚೇರಿಯ ಎಂಜಿನಿಯರುಗಳನ್ನು ಬಿಡುವುದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ನೇರ ವಿರುದ್ಧ.

ಗಾಂಜಾ ಸೇವನೆ ಪರೀಕ್ಷೆಯಲ್ಲಿ ಕಂಡುಬಂದರೆ? ಗಾಂಜಾ ಗಿಡದ ಎಲೆಯಿಂದ ಮಾಡುವ ಭಂಗಿ?

ಗಾಂಜಾದ ಅಂಶ ಮೂತ್ರದಲ್ಲಿ ಹಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಮೂತ್ರ ಪರೀಕ್ಷೆಯಿಂದ ಹಿಂದೆಂದೋ ಸೇವಿಸಿದ್ದು ತಿಳಿಯುತ್ತದೆಯೇ ವಿನಾ ಆ ಬೆಳಿಗ್ಗೆ ಅಮಲಿನಲ್ಲಿದ್ದರೆಂಬುದು ಸಾಬೀತಾಗುವುದಿಲ್ಲ. ದೋಷಾರೋಪಣಾ ಪಟ್ಟಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಆರೋಪಗಳಾಗಿ ಬರೆಯಬೇಕು. 1985ರ ಕಾಯ್ದೆಯ 27ನೇ ಕಲಂನಂತೆ ಕೊಕೇನ್, ಮಾರ್ಫಿನ್, ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ, ಗಾಂಜಾದಂಥವುಗಳಿಗೆ ಆರು ತಿಂಗಳವರೆಗೆ ಸಜೆ ಇದೆ. ಹೂವಿನ ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಆ ಕಾಯ್ದೆಯ ‘ಗಾಂಜಾ’ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಭಂಗಿಯ ಬಗ್ಗೆ ಕರ್ನಾಟಕ ಹೈಕೋರ್ಟ್ 2022ರ ಜಾಮೀನು ಆದೇಶವೊಂದರಲ್ಲಿ ಇದನ್ನೇ ಹೇಳಿದೆ. ಆದರೂ ಭಂಗಿ ಕುಡಿದು ಕರ್ತವ್ಯಕ್ಕೆ ಬಂದರೆ ನಡತೆ ನಿಯಮದ ಉಲ್ಲಂಘನೆಯಾಗುತ್ತದೆ.

ವೈದ್ಯರು ಬರೆದುಕೊಟ್ಟ ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ, ನೋವು ನಿವಾರಕ ಟ್ರಮಡಾಲ್ ಇವುಗಳಿಂದಲೂ ಮಂಪರು ಬರುತ್ತದೆ. ಚೀಟಿ ತೋರಿಸಿದವರ ಮೇಲೆ ಆರೋಪ ಹೊರಿಸುವ ಬದಲು ಕೆಲವು ದಿನ ಬೇರೆ ಕೆಲಸ ಕೊಡುವುದು ಸರಿಯಾದ ಕ್ರಮ.

ಚಾಲಕರಿಗೆ ಬೇರೆ ಅಳತೆ ಇದೆಯೇ?

ಇದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಬಾರಿಗೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಆಟೋ ಟಿಪ್ಪರಿನ ಚಾಲಕರಿಗೂ ನೀರಿನ ಟ್ಯಾಂಕರಿನ ಚಾಲಕರಿಗೂ ಇದು ಅನ್ವಯಿಸುತ್ತದೆ.

ಅಮಾನತು ಶಿಕ್ಷೆಯೇ? ಎಷ್ಟು ದಿನ ಇಡಬಹುದು?

ಅಮಾನತು ಶಿಕ್ಷೆಯಲ್ಲ, ಆದರೆ ಸಂಬಳದ ಮೇಲೆ ಬದುಕುವವರಿಗೆ ಅದು ಶಿಕ್ಷೆಯಾಗಿಯೇ ತಟ್ಟುತ್ತದೆ. ಕರ್ನಾಟಕ ಸಿವಿಲ್ ಸೇವೆಗಳ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) 1957ರ ನಿಯಮಗಳ, ಅಂದರೆ ಸಿಸಿಎ ನಿಯಮಗಳ, 10ನೇ ನಿಯಮದಂತೆ ಅಮಾನತು ಮಾಡಬಹುದು. 48 ಗಂಟೆಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದವರು ಅಮಾನತುಗೊಂಡಂತೆಯೇ ಲೆಕ್ಕ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ನೀಡದಿದ್ದರೆ ಅಮಾನತನ್ನು ಅದರಾಚೆಗೆ ಎಳೆಯಬಾರದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿದೆ.

ಅಮಾನತಿನ ಅವಧಿಯಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ತಡೆಹಿಡಿಯುವುದು ಇನ್ನೂ ದೊಡ್ಡ ತಪ್ಪು. ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಭತ್ಯೆ ಸಿಗದ ಕಾರಣ ಅವರಿಗೆ ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲಾಗಲಿಲ್ಲ. ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ವಜಾ ಮಾಡಲಾಯಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಜಾ ಆದೇಶವನ್ನು ಎತ್ತಿಹಿಡಿಯಲಿಲ್ಲ. ಕರ್ನಾಟಕದ ಪ್ರತಿ ಸಿಬ್ಬಂದಿ ಶಾಖೆಯಲ್ಲೂ ಈ ತೀರ್ಪಿನ ಒಂದು ಪ್ರತಿ ಇರಬೇಕು.

ಇಲಾಖಾ ವಿಚಾರಣೆ ಇಲ್ಲದೆ ತೆಗೆದುಹಾಕಲು ಸಾಧ್ಯವೇ?

ಕಾಯಂ ನೌಕರರನ್ನು ಸಾಮಾನ್ಯವಾಗಿ ಸಾಧ್ಯವಿಲ್ಲ. ಸಂವಿಧಾನದ 311ನೇ ವಿಧಿ ರಾಜ್ಯದ ಸಿವಿಲ್ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆ ನೀಡುತ್ತದೆ. ಸ್ಥಳೀಯ ಸಂಸ್ಥೆಯ ಸ್ವಂತ ನೌಕರರ ಹುದ್ದೆ ಆ ವ್ಯಾಪ್ತಿಗೆ ಬಾರದಿದ್ದರೂ, ಸೇವಾ ನಿಯಮಗಳು ಮತ್ತು ಸಹಜ ನ್ಯಾಯದ ತತ್ವ ಅವರನ್ನು ಕಾಯುತ್ತವೆ. ಆರೋಪಗಳ ಪಟ್ಟಿ, ದಾಖಲೆಗಳ ಪ್ರತಿ, ಪಾಟೀ ಸವಾಲಿಗೆ ಅವಕಾಶ, ಕೊನೆಗೆ ವಿಚಾರಣಾ ವರದಿಯ ಪ್ರತಿ ಇವೆಲ್ಲವೂ ಸಿಗಬೇಕು. ವರದಿಯ ಪ್ರತಿ ಕೊಡುವುದು ಕಡ್ಡಾಯವೆಂದು 1993ರ ಕರುಣಾಕರ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ರಕ್ತಪರೀಕ್ಷೆಯ ವರದಿಯನ್ನು ಆಧರಿಸುವುದಾದರೆ ಅದನ್ನು ನೀಡಿದ ವೈದ್ಯರನ್ನು ಸಾಕ್ಷಿಯಾಗಿ ಕರೆಸುವುದು ಲೇಸು.

ಒಂದೇ ಬಾರಿ ಕುಡಿದು ಬಂದರೆ ವಜಾ ಮಾಡಬಹುದೇ?

ಮಾಡಬಹುದಾದ ಸಂದರ್ಭಗಳಿವೆ, ಆದರೆ ಅಪರೂಪ. ಪಂಜಾಬಿನ ಪೊಲೀಸ್ ಪೇದೆಯೊಬ್ಬರು ಶಸ್ತ್ರದೊಂದಿಗೆ ಕರ್ತವ್ಯದಲ್ಲಿದ್ದಾಗ ವಿಪರೀತ ಕುಡಿದು, ಪರೀಕ್ಷಿಸಲು ಬಂದ ವೈದ್ಯರನ್ನೂ ನಿಂದಿಸಿದ ಪ್ರಕರಣದಲ್ಲಿ, ಒಂದೇ ಕೃತ್ಯವೂ ಅತಿ ಗಂಭೀರ ದುರ್ನಡತೆ ಆಗಬಲ್ಲದು ಎಂದು 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ವಜಾ ಆದೇಶವನ್ನು ಉಳಿಸಿತು. 2022ರಲ್ಲಿ ಬಂದ ಇನ್ನೊಂದು ಪ್ರಕರಣ ಉತ್ತರ ಪ್ರದೇಶದ ಸಶಸ್ತ್ರ ಪಡೆಯ ಚಾಲಕರದ್ದು. ಅವರು ಸಿಬ್ಬಂದಿಯನ್ನು ಕರೆದೊಯ್ಯುತ್ತಿದ್ದ ಲಾರಿಯನ್ನು ಕುಡಿದು ಓಡಿಸಿ ಜೀಪಿಗೆ ಗುದ್ದಿದ್ದರು. ಕುಡಿದು ಚಾಲನೆ ಮಾಡುವುದು ದುರ್ನಡತೆಯಷ್ಟೇ ಅಲ್ಲ, ಅಪರಾಧವೂ ಹೌದೆಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಖಂಡಿಸಿತು. ಆದರೂ 25 ವರ್ಷಗಳ ಸೇವೆ, ಅಪಘಾತದಲ್ಲಿ ದೊಡ್ಡ ಹಾನಿಯಾಗದಿದ್ದುದು ಮತ್ತು ಅಷ್ಟರಲ್ಲಿ ಆ ಚಾಲಕರು ತೀರಿಕೊಂಡಿದ್ದುದನ್ನು ಪರಿಗಣಿಸಿ ವಜಾವನ್ನು ಕಡ್ಡಾಯ ನಿವೃತ್ತಿಯಾಗಿ ಬದಲಿಸಿತು.

ವಜಾ ಮತ್ತು ಕಡ್ಡಾಯ ನಿವೃತ್ತಿಯ ನಡುವಿನ ಅಂತರವನ್ನು ಆದೇಶಕ್ಕೆ ಸಹಿ ಹಾಕುವವರು ಮನೆಯವರ ಕಣ್ಣಿನಿಂದ ನೋಡಬೇಕು. ವಜಾ ಆದರೆ ಪಿಂಚಣಿಯ ಹಕ್ಕು ಹೋಗುತ್ತದೆ. ಕಡ್ಡಾಯ ನಿವೃತ್ತಿಯಲ್ಲಿ ನಿಯಮದಂತೆ ನಿವೃತ್ತಿ ಸೌಲಭ್ಯಗಳು ಕುಟುಂಬಕ್ಕೆ ತಲುಪುವ ಅವಕಾಶ ಉಳಿಯುತ್ತದೆ. ಸಿಸಿಎ ನಿಯಮಗಳ 8ನೇ ನಿಯಮದಲ್ಲಿ ವಾಗ್ದಂಡನೆ, ವೇತನ ಬಡ್ತಿ ತಡೆ, ನಷ್ಟದ ವಸೂಲಿ, ಹಿಂಬಡ್ತಿ ಹೀಗೆ ಹಲವು ಮೆಟ್ಟಿಲುಗಳಿರುವುದು ಕೃತ್ಯಕ್ಕೆ ತಕ್ಕ ದಂಡನೆಯನ್ನು ಆರಿಸಲೆಂದೇ. ಕಚೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತರು ಮೊದಲ ಬಾರಿ ಸಿಕ್ಕಿಬಿದ್ದದ್ದೂ ಕಸದ ಲಾರಿಯ ಚಾಲಕರು ಶಾಲೆ ಬಿಡುವ ಹೊತ್ತಿನಲ್ಲಿ ಸಿಕ್ಕಿಬಿದ್ದದ್ದೂ ಒಂದೇ ಅಲ್ಲ.

ಪೌರಕಾರ್ಮಿಕರಲ್ಲಿ ಕುಡಿತ ಹೆಚ್ಚು ಎನ್ನುತ್ತಾರೆ. ಅವರ ವಿಷಯದಲ್ಲಿ ಕಠಿಣವಾಗಿರಬೇಡವೇ?

ಈ ಪ್ರಶ್ನೆಯನ್ನು ಕೇಳುವವರು ಒಮ್ಮೆ ಬೆಳಗಿನ ಆರು ಗಂಟೆಗೆ ಕಸ ಸುರಿಯುವ ಜಾಗಕ್ಕೆ ಹೋಗಿ ನಿಂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕೊಳೆತ ಮಾಂಸ, ಬಳಸಿ ಬಿಸಾಡಿದ ಡಯಾಪರು, ಸತ್ತ ನಾಯಿ ಇವುಗಳನ್ನು ಎತ್ತುವವರಲ್ಲಿ ಅನೇಕರು ‘ಒಂದಿಷ್ಟು ಹಾಕದಿದ್ದರೆ ಮೂಗು ಕೇಳುವುದಿಲ್ಲ’ ಎಂದು ಹೇಳುತ್ತಾರೆ. ಅದು ನೆಪವಲ್ಲ. ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕರು ಬೇಕೆಂದು ಹೇಳಿತ್ತು. ಸರ್ಕಾರ ಪಾಲಿಸುತ್ತಿರುವ ಲೆಕ್ಕ 700ಕ್ಕೆ ಒಬ್ಬರು, ಅದೂ ಎಷ್ಟೋ ಊರುಗಳಲ್ಲಿ ಭರ್ತಿಯಾಗಿಲ್ಲ. ಕೈಗವಸು, ಬೂಟು, ಮುಖಗವಸು, ಕೈಕಾಲು ತೊಳೆಯಲು ಬಿಸಿನೀರು, ಬಟ್ಟೆ ಬದಲಿಸಲು ಕೋಣೆ ಇವನ್ನು ಕೊಡದ ಕಚೇರಿ, ಆ ಕೊರತೆಯನ್ನು ಸಾರಾಯಿಯಿಂದ ತುಂಬಿಕೊಂಡವರ ಮೇಲೆ ಮಾತ್ರ ನೋಟಿಸು ಹೊರಡಿಸುವುದು ಅನ್ಯಾಯ.

ಹಾಗೆಂದು ಕುಡಿದು ಕೆಲಸ ಮಾಡಲು ಬಿಡುವುದು ಕರುಣೆಯಲ್ಲ. ಮದ್ಯದಿಂದ ದೇಹದ ನೀರಿನಂಶ ಇಳಿಯುತ್ತದೆ, ಅಪಾಯದ ಅರಿವು ಮಂದವಾಗುತ್ತದೆ. ಹಿಂದಕ್ಕೆ ಬರುವ ಕಾಂಪ್ಯಾಕ್ಟರಿನ (ಕಸ ಒತ್ತಿ ತುಂಬುವ ಲಾರಿಯ) ಸದ್ದು ಗಮನಕ್ಕೆ ಬರುವುದಿಲ್ಲ. ಮಲಗುಂಡಿಯ ಕೆಲಸದ ಬಗ್ಗೆ ಒಂದು ಮಾತು: ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸುವುದೇ ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ, ಮೊದಲ ಬಾರಿಗೇ ಎರಡು ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ. ಇಳಿಸಲು ಧೈರ್ಯ ಬರಲೆಂದು ಕುಡಿಸಿ ಇಳಿಸಿದ ಮೇಸ್ತ್ರಿಯ ಮೇಲೆ ಮೊದಲು ಕ್ರಮವಾಗಬೇಕು.

ವ್ಯಸನವನ್ನು ಕಾಯಿಲೆಯಾಗಿ ನೋಡಬೇಕೇ, ತಪ್ಪಾಗಿ ನೋಡಬೇಕೇ?

ವ್ಯಸನ ಕಾಯಿಲೆ, ಅಮಲಿನಲ್ಲಿ ಕರ್ತವ್ಯಕ್ಕೆ ಬರುವುದು ತಪ್ಪು. ಎರಡೂ ಒಬ್ಬರಲ್ಲೇ ಇರಬಹುದು, ಎರಡಕ್ಕೂ ಪ್ರತ್ಯೇಕ ಕಡತ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲೇ ಸೇರಿಸಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಚಿಕಿತ್ಸೆ ಅಥವಾ ನೆರವು ಬೇಕಾದಷ್ಟು ತೊಂದರೆಯಿದೆ.

‘ನಾಳೆಯಿಂದ ಮುಟ್ಟುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡು’ ಎನ್ನುವ ರೂಢಿಯನ್ನು ಬಿಡಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ ಶುರುವಾಗುತ್ತದೆ, ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಭ್ರಮೆ, ಗೊಂದಲ ಕಾಣಿಸಿಕೊಂಡು ಪ್ರಾಣಾಪಾಯವೂ ಆಗಬಹುದು. ಮುಚ್ಚಳಿಕೆಯ ಬದಲು ವೈದ್ಯಕೀಯ ರಜೆ ಕೊಟ್ಟು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಿ. ವ್ಯಸನ ಮುಕ್ತಿಗೆ 14446, ಮಾನಸಿಕ ನೆರವಿಗೆ 14416 ಈ ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿರುವ ವ್ಯಸನಿ ತಾವಾಗಿ ಮುಂದೆ ಬಂದು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ ಆ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ತಾವೇ ಬಂದು ‘ನನಗೆ ಬಿಡಲಾಗುತ್ತಿಲ್ಲ’ ಎಂದು ಹೇಳಿಕೊಂಡವರ ಮೇಲೆ ಆ ಮಾತನ್ನೇ ಸಾಕ್ಷ್ಯವಾಗಿ ಬಳಸಿದರೆ ಇನ್ನೊಬ್ಬರು ಎಂದೂ ಬಾಯಿ ಬಿಡುವುದಿಲ್ಲ.

ಹೊರಗುತ್ತಿಗೆ ಮತ್ತು ದಿನಗೂಲಿ ನೌಕರರಿಗೆ ಈ ರಕ್ಷಣೆಗಳಿವೆಯೇ?

ಅಷ್ಟು ಗಟ್ಟಿಯಾಗಿಲ್ಲ, ನಿಜ. ಆದರೆ ತಾತ್ಕಾಲಿಕ ನೌಕರರನ್ನೂ ‘ಕುಡುಕ’ ಎಂಬ ಕಳಂಕ ಹೊರಿಸಿ ತೆಗೆಯುವುದಾದರೆ ಅವರ ಮಾತು ಕೇಳಲೇಬೇಕೆಂಬುದು ಸ್ಥಾಪಿತ ನ್ಯಾಯ. 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ‘ಕೈಗಾರಿಕೆ’ ಪದಕ್ಕೆ ಸಿಕ್ಕ ವಿಶಾಲ ವ್ಯಾಖ್ಯೆಯಿಂದಾಗಿ ಇಂಥ ಸಂಸ್ಥೆಗಳ ಕಾರ್ಮಿಕರು ಕೈಗಾರಿಕಾ ವಿವಾದದ ಹಾದಿಯನ್ನೂ ಹಿಡಿಯಲು ಸಾಧ್ಯವಾಯಿತು. ‘ಅವನು ಗುತ್ತಿಗೆದಾರರ ಕಡೆಯವನು’ ಎಂದು ಕೈತೊಳೆದುಕೊಳ್ಳುವ ಕಚೇರಿಯೇ ಅಪಘಾತವಾದ ದಿನ ಪರಿಹಾರದ ಅರ್ಜಿಯಲ್ಲಿ ಪ್ರತಿವಾದಿಯಾಗುತ್ತದೆ.

ಹಳೆಯ ಮಾದಕ ವಸ್ತು ಪ್ರಕರಣ ಇದ್ದವರನ್ನು ನೇಮಿಸಿಕೊಳ್ಳಬಹುದೇ?

ಪ್ರಕರಣದ ಸ್ವರೂಪ, ಫಲಿತಾಂಶ, ಹುದ್ದೆ ಯಾವುದು ಎಂಬುದನ್ನು ನೋಡಿ ನೇಮಕಾತಿ ಪ್ರಾಧಿಕಾರ ನಿರ್ಧರಿಸಬೇಕು. ಅಭ್ಯರ್ಥಿ ಮಾಡಬಾರದ ಕೆಲಸವೆಂದರೆ ಮುಚ್ಚಿಡುವುದು. ದೃಢೀಕರಣ ನಮೂನೆಯಲ್ಲಿ ಸುಳ್ಳು ಹೇಳಿದವರ ನೇಮಕಾತಿ ರದ್ದಾಗಬಹುದು, ಆದರೆ ಸಣ್ಣ ಸ್ವರೂಪದ ಪ್ರಕರಣಗಳಲ್ಲಿ ಪ್ರಾಧಿಕಾರ ವಿವೇಚನೆ ಬಳಸಬಹುದು ಎಂದು 2016ರ ಅವತಾರ್ ಸಿಂಗ್ ತೀರ್ಪು ಹೇಳುತ್ತದೆ.

ನೌಕರರೊಬ್ಬರ ಪರೀಕ್ಷಾ ವರದಿ ಮತ್ತು ದಂಡನೆಯ ಆದೇಶವನ್ನು ಮಾಹಿತಿ ಹಕ್ಕಿನಡಿ ಕೇಳಿದ್ದಾರೆ. ಕೊಡಬೇಕೇ?

ಸಾಮಾನ್ಯವಾಗಿ ಕೊಡಬೇಕಿಲ್ಲ. ನೌಕರರ ಮೇಲಿನ ಜ್ಞಾಪನ, ಕಾರಣ ಕೇಳಿ ನೋಟಿಸು, ದಂಡನೆಯ ವಿವರಗಳು ವೈಯಕ್ತಿಕ ಮಾಹಿತಿ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದೆ. ಚಿಕಿತ್ಸೆಯ ವಿವರಗಳಿಗೆ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿಯಾದ ಗೋಪ್ಯತೆ ನೀಡುತ್ತದೆ. ಆಸ್ಪತ್ರೆಯ ಕಾಗದಗಳನ್ನು ಸೇವಾ ಪುಸ್ತಕಕ್ಕೆ ಅಂಟಿಸದೆ, ಮೊಹರು ಮಾಡಿದ ಲಕೋಟೆಯಲ್ಲಿ ಶಿಸ್ತು ಪ್ರಾಧಿಕಾರದ ಬಳಿಯೇ ಇಡಬೇಕು.